ಹೋಗಿ ಬರುತ್ತೇನೆ

ನಮ್ಮ ಮನೆಯಲ್ಲಿ ಹೊಸ್ತಿಲು ದಾಟುವವರು ‘ಹೋಗುತ್ತೇನೆ’ ಎನ್ನುವಂತಿರಲಿಲ್ಲ. ಬಾಯಿತಪ್ಪಿ ಅಂದುಬಿಟ್ಟರೆ ಅಜ್ಜಿ ಒಲೆಯ ಮುಂದಿನಿಂದಲೇ ತಡೆಯುತ್ತಿದ್ದಳು. “ಹೋಗಿ ಬರುತ್ತೇನೆ ಅನ್ನು.” ಚಪ್ಪಲಿ ಮೆಟ್ಟಿದವರು ನಿಂತು, ಆ ಮಾತನ್ನು ಸರಿಯಾಗಿ ಹೇಳಿದ ಮೇಲೆಯೇ ಅಂಗಳಕ್ಕೆ ಇಳಿಯಬೇಕು. ಕನ್ನಡದ ಬಹುತೇಕ ಮನೆಗಳಲ್ಲಿ ಇರುವ ರೂಢಿಯೇ ಇದು. ಆದರೆ ಅಜ್ಜಿಗೆ ಅದು ಬರೀ ರೂಢಿಯಾಗಿರಲಿಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಕಡೆಯ ನಮ್ಮೂರಿನಲ್ಲಿ ಬೇಸಿಗೆ ಬಲಿತರೆ ಮೇವು ತೀರಿಹೋಗುತ್ತದೆ. ಅಜ್ಜ ಕುರಿಮಂದೆ ಹೊಡೆದುಕೊಂಡು ಹಸಿರು ಇರುವ ಸೀಮೆ ಹುಡುಕುತ್ತ ಹೊರಟರೆ ಎರಡು ಮೂರು ತಿಂಗಳು ಸುದ್ದಿಯೇ ಇರುತ್ತಿರಲಿಲ್ಲ. ಹೊರಡುವುದು ಅಜ್ಜನ ಕೈಯಲ್ಲಿತ್ತು. ಬರುವುದು ಮಳೆಯ ಕೈಯಲ್ಲಿ, ಹಾದಿಯ ಕೈಯಲ್ಲಿ, ಜ್ವರದ ಕೈಯಲ್ಲಿತ್ತು. ಅದಕ್ಕೇ ಇರಬೇಕು, ಹೊರಡುವ ಮಾತಿನೊಳಗೆ ಬರುವ ಮಾತನ್ನೂ ಕಟ್ಟಿ ಕಳಿಸಬೇಕೆಂದು ಅವಳು ಹಟ ಹಿಡಿಯುತ್ತಿದ್ದದ್ದು.

2003ರ ಫೆಬ್ರುವರಿ 1, ಶನಿವಾರ. ನಾನು ಹತ್ತನೆಯ ತರಗತಿಯಲ್ಲಿದ್ದೆ. ರಾತ್ರಿ ಊಟದ ಹೊತ್ತಿಗೆ ಟಿವಿಯಲ್ಲಿ ಒಂದೇ ಸುದ್ದಿ. ಅಮೆರಿಕದ ಬಾಹ್ಯಾಕಾಶ ಷಟಲ್ ಕೊಲಂಬಿಯಾ ನೌಕೆಯ ಸಂಪರ್ಕ ಕಡಿದಿದೆ. ನೀಲಿ ಆಕಾಶದಲ್ಲಿ ಒಂದು ಬಿಳಿ ಗೆರೆ, ಆ ಗೆರೆ ಎರಡಾಗಿ, ನಾಲ್ಕಾಗಿ, ಹಲವಾಗಿ ಕವಲೊಡೆಯುವ ದೃಶ್ಯವನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಆ ನೌಕೆಯಲ್ಲಿದ್ದ ಕಲ್ಪನಾ ಚಾವ್ಲಾ ಅವರ ಚಿತ್ರವನ್ನು ಎರಡು ವಾರದ ಹಿಂದೆ ಪತ್ರಿಕೆಯಿಂದ ಕತ್ತರಿಸಿ ನನ್ನ ಭೌತಶಾಸ್ತ್ರದ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದೆ. ಅಜ್ಜಿಗೆ ರಾಕೆಟ್ ಎಂದರೇನು, ಕಕ್ಷೆ ಎಂದರೇನು ಗೊತ್ತಿರಲಿಲ್ಲ. ಚಿತ್ರದಲ್ಲಿದ್ದ ಹುಡುಗಿ ಎಲ್ಲಿಗೋ ಮೇಲೆ ಹೋಗಿದ್ದಾಳೆ ಎಂಬುದು ಗೊತ್ತಿತ್ತು. ನನ್ನ ಮುಖ ನೋಡಿ ಅವಳು ಕೇಳಿದ್ದು ಒಂದೇ ಮಾತು. “ಆ ಹುಡುಗಿ ಬಂದಳೇ?”

ನಾನು ಉತ್ತರಿಸಲಿಲ್ಲ. ಅವಳು ಮತ್ತೆ ಕೇಳಲಿಲ್ಲ.

ಅಂದಿನಿಂದ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಉಡಾವಣೆಯನ್ನು ನೋಡದಿದ್ದರೂ ಇಳಿಯುವುದನ್ನು ತಪ್ಪದೇ ನೋಡುತ್ತೇನೆ. ಯಾರು ಮೇಲಿದ್ದರೂ ಸರಿ, ರಷ್ಯದವರಾಗಲಿ, ಚೀನಾದವರಾಗಲಿ, ಅವರ ನೌಕೆ ಕೆಳಗಿಳಿದು, ಬಾಗಿಲು ತೆರೆದು, ಒಂದು ಮುಖ ಹೊರಗೆ ಕಾಣುವವರೆಗೆ ಎದ್ದಿರುತ್ತೇನೆ. ಉಡಾವಣೆಗೆ ಬೆಂಕಿಯಿದೆ, ಗುಡುಗಿದೆ, ಕ್ಷಣಗಣನೆಯಿದೆ, ಚಪ್ಪಾಳೆಯಿದೆ. ಇಳಿಯುವುದಕ್ಕೆ ಇಷ್ಟೇ: ಒಂದು ಸುಟ್ಟು ಕಪ್ಪಾದ ಡಬ್ಬಿ, ಒಂದು ಪ್ಯಾರಾಚೂಟ್, ಕಾಯುತ್ತಿರುವ ಕೆಲವು ಜನ. ಮನುಷ್ಯ ಬಾಹ್ಯಾಕಾಶಕ್ಕೆ ಹೋದ ಚರಿತ್ರೆಯನ್ನು ನಾವು ಯಾವಾಗಲೂ ಹೋದ ತಾರೀಖುಗಳಿಂದಲೇ ಹೇಳುತ್ತೇವೆ. ನನಗೆ ಆ ಚರಿತ್ರೆ ಮನುಷ್ಯ ಮರಳಿ ಬರುವುದನ್ನು ಕಲಿತ ಕಥೆಯಾಗಿಯೇ ಕಾಣುತ್ತದೆ. ಕಲಿತದ್ದು ಬಹಳ ಕಷ್ಟಪಟ್ಟು, ಬಹಳ ಬೆಲೆ ಕೊಟ್ಟು.

ಹಿಂದಿರುಗಲು ಇಂಧನ ಹೆಚ್ಚೇನೂ ಬೇಡ, ಇದು ಅನೇಕರಿಗೆ ಗೊತ್ತಿಲ್ಲ. ಭೂಮಿಯನ್ನು ಸುತ್ತುವ ನೌಕೆ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗವನ್ನು ಗಳಿಸಲು ಅದರ ಎಷ್ಟೋ ಪಟ್ಟು ತೂಕದ ಇಂಧನ ಉರಿದಿರುತ್ತದೆ. ಆದರೆ ಕೆಳಗಿಳಿಯಲು ರಷ್ಯದ ಸೋಯುಜ್ ನೌಕೆ ತನ್ನ ವೇಗವನ್ನು ಸೆಕೆಂಡಿಗೆ ಸುಮಾರು 120 ಮೀಟರಿನಷ್ಟು ತಗ್ಗಿಸಿದರೆ ಸಾಕು, ನೂರಕ್ಕೆ ಎರಡು ಪಾಲು ಕೂಡ ಅಲ್ಲ. ಅಷ್ಟಕ್ಕೇ ಅದರ ದಾರಿ ಬಾಗಿ ವಾತಾವರಣದ ಅಂಚಿಗೆ ತಗಲುತ್ತದೆ. ಉಳಿದ ವೇಗವನ್ನೆಲ್ಲ ಗಾಳಿಯೇ ಹೀರಬೇಕು. ಮೇಲೇರುವಾಗ ಅಷ್ಟು ಬೆಂಕಿ ಖರ್ಚು ಮಾಡಿ ಗಳಿಸಿದ ಶಕ್ತಿ ಬರುವಾಗ ಮತ್ತೆ ಬೆಂಕಿಯಾಗಿಯೇ ಬಿಟ್ಟುಹೋಗಬೇಕು, ಅದೂ ಕೆಲವೇ ನಿಮಿಷಗಳಲ್ಲಿ.

ಆ ಬೆಂಕಿಯನ್ನು ದಾಟುವ ಉಪಾಯ ಹೊಳೆದದ್ದು 1950ರ ದಶಕದ ಆರಂಭದಲ್ಲಿ, ಅಮೆರಿಕದ ಏಮ್ಸ್ ಪ್ರಯೋಗಾಲಯದ ಹ್ಯಾರಿ ಜೂಲಿಯನ್ ಆ್ಯಲನ್ ಎಂಬ ಎಂಜಿನಿಯರನಿಗೆ. ಅಲ್ಲಿಯವರೆಗೆ ಎಲ್ಲರೂ ವೇಗದ ವಾಹನಕ್ಕೆ ಚೂಪು ಮೂತಿಯೇ ಸರಿ ಎಂದುಕೊಂಡಿದ್ದರು. ಆ್ಯಲನ್ ತದ್ವಿರುದ್ಧ ಹೇಳಿದ: ಮೂತಿ ಮೊಂಡಾಗಿರಲಿ. ಮೊಂಡು ಮೂತಿ ಗಾಳಿಯನ್ನು ಸೀಳುವುದಿಲ್ಲ, ಎದುರಿಗೆ ಒತ್ತಿ ಹಿಡಿಯುತ್ತದೆ. ಒತ್ತಿದ ಗಾಳಿ ಕಾದು ಕೆಂಡವಾಗುತ್ತದೆ, ಆದರೆ ನೌಕೆಗೆ ತಾಗುವ ಮುನ್ನವೇ ಆ ಕಾವಿನ ಬಹುಪಾಲು ಸುತ್ತಲಿನ ಗಾಳಿಗೆ ಚೆಲ್ಲಿಹೋಗುತ್ತದೆ. ಸೂಜಿಯಂತೆ ಬರಬೇಡಿ, ಮೊರದಂತೆ ಬನ್ನಿ. ಮೊದಲ ಮನುಷ್ಯನನ್ನು ಒಯ್ದ ವೋಸ್ಟೋಕ್‌ನ ಗುಂಡು, ಮರ್ಕ್ಯುರಿ ಮತ್ತು ಅಪೊಲೊಗಳ ಚಪ್ಪಟೆ ತಳ, ನಮ್ಮ ಗಗನಯಾನದ ಕ್ಯಾಪ್ಸೂಲ್, ಎಲ್ಲ ಈ ಒಂದು ತಿಳಿವಿನ ಮೇಲೆಯೇ ನಿಂತಿವೆ.

ಈ ತಿಳಿವು ಇನ್ನೂ ಕೈಗೂಡದಿದ್ದಾಗಲೂ ಕಳಿಸಿದವರಿದ್ದಾರೆ. 1957ರ ನವೆಂಬರ್ 3ರಂದು ಲೈಕಾ ಎಂಬ ನಾಯಿಯನ್ನು ಸ್ಪುಟ್ನಿಕ್ 2ರಲ್ಲಿ ಕೂರಿಸಿ ಕಳಿಸಿದರು. ಆ ನೌಕೆಗೆ ಮರಳುವ ವ್ಯವಸ್ಥೆಯೇ ಇರಲಿಲ್ಲ. ಚಕ್ರವ್ಯೂಹ ಹೊಕ್ಕ ಅಭಿಮನ್ಯುವಿಗೆ ಹೊರಬರುವ ವಿದ್ಯೆ ತಿಳಿಯದು ಎಂಬುದು ಅವನಿಗಾದರೂ ಗೊತ್ತಿತ್ತು. ಮಾಸ್ಕೋದ ಬೀದಿಯಿಂದ ಹಿಡಿದು ತಂದ ಆ ನಾಯಿಗೆ ಅದೂ ಗೊತ್ತಿರಲಿಲ್ಲ. ಅದು ಕೆಲವು ದಿನ ಬದುಕಿತ್ತು ಎಂದೇ ಜಗತ್ತು ನಂಬಿತ್ತು. ಉಡಾವಣೆಯಾದ ಕೆಲವೇ ಗಂಟೆಗಳಲ್ಲಿ ಶಾಖ ತಾಳಲಾರದೆ ಸತ್ತಿತ್ತು ಎಂಬುದನ್ನು ರಷ್ಯದ ವಿಜ್ಞಾನಿಗಳು ಹೇಳಿದ್ದು 2002ರಲ್ಲಿ. ನಲವತ್ತೈದು ವರ್ಷ! 1960ರ ಆಗಸ್ಟ್‌ನಲ್ಲಿ ಬೆಲ್ಕಾ ಮತ್ತು ಸ್ಟ್ರೆಲ್ಕಾ ಎಂಬ ಎರಡು ನಾಯಿಗಳು ಒಂದು ದಿನ ಕಕ್ಷೆಯಲ್ಲಿ ಸುತ್ತಿ ಜೀವಂತವಾಗಿ ಇಳಿದವು. ಕಕ್ಷೆಗೆ ಹೋಗಿ ಬದುಕಿ ಬಂದ ಮೊದಲ ಪ್ರಾಣಿಗಳು ಅವು. ನನ್ನ ಲೆಕ್ಕದಲ್ಲಿ ಮಾನವ ಬಾಹ್ಯಾಕಾಶಯಾನ ಶುರುವಾದದ್ದು ಆ ದಿನ. ಎಂಟು ತಿಂಗಳ ನಂತರ ಮನುಷ್ಯ ಹೋದ.

1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಹೊರಡುವಾಗ ಅಂದ ಮಾತು ‘ಪೊಯೆಖಲಿ’. ಹೊರಟೆವು, ನಡೆಯಿರಿ ಎಂಬ ಅರ್ಥ. ಅಜ್ಜಿ ಅಲ್ಲಿದ್ದಿದ್ದರೆ ತಡೆಯುತ್ತಿದ್ದಳು. 108 ನಿಮಿಷಗಳ ಆ ಯಾನದಲ್ಲಿ ಹೋಗುವ ಭಾಗ ಹೆಚ್ಚು ಕಡಿಮೆ ಸರಿಯಾಗಿಯೇ ನಡೆಯಿತು. ಕೆಟ್ಟದ್ದು ಬರುವಾಗ. ವೇಗ ತಗ್ಗಿಸುವ ಎಂಜಿನ್ ಉರಿದ ಮೇಲೆ ಗಗಾರಿನ್ ಕುಳಿತಿದ್ದ ಗುಂಡು, ಅದರ ಹಿಂದಿನ ಯಂತ್ರಭಾಗದಿಂದ ಬೇರೆಯಾಗಬೇಕಿತ್ತು. ತಂತಿಗಳ ಒಂದು ಕಟ್ಟು ಕಡಿಯದೆ ಉಳಿಯಿತು. ಎರಡೂ ಒಂದಕ್ಕೊಂದು ಜೋತುಬಿದ್ದು ಗಿರಗಿರನೆ ತಿರುಗತೊಡಗಿದವು. ಸುಮಾರು ಹತ್ತು ನಿಮಿಷ ಹಾಗೇ. ಕೊನೆಗೆ ವಾತಾವರಣದ ಬೆಂಕಿಯೇ ಆ ತಂತಿಗಳನ್ನು ಸುಟ್ಟು ಬಿಡಿಸಿತು. ಏಳು ಕಿಲೋಮೀಟರ್ ಎತ್ತರದಲ್ಲಿ ಗಗಾರಿನ್ ನೌಕೆಯಿಂದ ಹೊರಚಿಮ್ಮಿ ತನ್ನದೇ ಪ್ಯಾರಾಚೂಟಿನಲ್ಲಿ ಇಳಿದ. ವೋಸ್ಟೋಕ್ ನೆಲಕ್ಕೆ ಬಡಿಯುವ ರಭಸವನ್ನು ಒಳಗಿದ್ದವರು ತಾಳುವಂತಿರಲಿಲ್ಲ. ಈ ಸಂಗತಿಯನ್ನೂ ಸೋವಿಯತ್ ಸರ್ಕಾರ ಅನೇಕ ವರ್ಷ ಮುಚ್ಚಿಟ್ಟಿತು, ಏಕೆಂದರೆ ಅಂತರರಾಷ್ಟ್ರೀಯ ದಾಖಲೆಯ ನಿಯಮದ ಪ್ರಕಾರ ಚಾಲಕ ತನ್ನ ವಾಹನದಲ್ಲೇ ಇಳಿಯಬೇಕಿತ್ತು.

ಆತ ಇಳಿದದ್ದು ವೋಲ್ಗಾ ನದಿಯ ಸೀಮೆಯ ಸ್ಮೆಲೋವ್ಕಾ ಎಂಬ ಹಳ್ಳಿಯ ಬಳಿಯ ಹೊಲದಲ್ಲಿ. ಆನ್ನಾ ತಖ್ತರೋವಾ ಎಂಬ ಹೆಂಗಸು ಪುಟ್ಟ ಮೊಮ್ಮಗಳ ಜೊತೆ ಆಲೂಗಡ್ಡೆ ನೆಡುತ್ತಿದ್ದಳು. ಕಿತ್ತಳೆ ಬಣ್ಣದ ಉಡುಪು, ಬಿಳಿ ಶಿರಸ್ತ್ರಾಣ ತೊಟ್ಟ ಆಕೃತಿ ಮೇಲಿನಿಂದ ಇಳಿದು ನಡೆದು ಬಂದದ್ದನ್ನು ಕಂಡು ಅಜ್ಜಿ, ಮೊಮ್ಮಗಳು ಇಬ್ಬರೂ ಹೆದರಿದರು. ತಾನೂ ನಿಮ್ಮವನೇ ಎಂದು ಆತ ಕೂಗಿ ಹೇಳಬೇಕಾಯಿತು. ಬಾಹ್ಯಾಕಾಶದಿಂದ ಬಂದ ಮೊದಲ ಮನುಷ್ಯನನ್ನು ಎದುರುಗೊಂಡವರು ಮಂತ್ರಿಗಳಲ್ಲ, ವಿಜ್ಞಾನಿಗಳಲ್ಲ, ಹೊಲದ ಕೆಲಸದಲ್ಲಿದ್ದ ಒಬ್ಬ ಮುದುಕಿ, ಒಂದು ಮಗು. ಈ ಚಿತ್ರವನ್ನು ನೆನೆದಾಗಲೆಲ್ಲ ನನ್ನ ಎದೆ ತುಂಬಿಬರುತ್ತದೆ.

ಆ ತಂತಿಕಟ್ಟಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1969ರ ಜನವರಿಯಲ್ಲಿ ಸೋಯುಜ್ 5ರ ಬೋರಿಸ್ ವೊಲಿನೋವ್ ಬರುವಾಗಲೂ ಹಿಂಭಾಗ ಬೇರೆಯಾಗಲಿಲ್ಲ. ಶಾಖಕವಚ ಇಲ್ಲದ ಮೂತಿಯೇ ಬೆಂಕಿಗೆ ಮುಂದಾಯಿತು. ಬಾಗಿಲಿನ ಸುತ್ತಲಿನ ರಬ್ಬರು ಸುಡುವ ವಾಸನೆ ಒಳಗೆ ಬರುತ್ತಿತ್ತು. ಕೊನೇ ಗಳಿಗೆಯಲ್ಲಿ ಕೊಂಡಿ ಕಳಚಿತು. ನೆಲಕ್ಕೆ ಬಡಿದ ಹೊಡೆತಕ್ಕೆ ಹಲ್ಲು ಮುರಿದುಕೊಂಡ ವೊಲಿನೋವ್ ಉರಾಲ್ ಸೀಮೆಯ ಕೊರೆಯುವ ಹಿಮದಲ್ಲಿ ಹೊಗೆ ಕಂಡ ದಿಕ್ಕಿಗೆ ನಡೆದು ಒಂದು ರೈತನ ಮನೆ ಸೇರಿಕೊಂಡ. 2008ರ ಏಪ್ರಿಲ್‌ನಲ್ಲಿ, ಗಗಾರಿನ್ ಹೋದ 47 ವರ್ಷಗಳ ನಂತರ, ಸೋಯುಜ್ ಟಿಎಂಎ-11 ಬರುವಾಗಲೂ ಅದೇ ಬೇರ್ಪಡುವ ತೊಂದರೆ ಕಾಡಿತು. ಅಮೆರಿಕದ ಗಗನಯಾತ್ರಿ ಪೆಗ್ಗಿ ವಿಟ್ಸನ್ ಮತ್ತು ಸಂಗಡಿಗರು ದೇಹತೂಕದ ಎಂಟು ಪಟ್ಟು ಭಾರ ಹೊತ್ತು, ಗೊತ್ತುಮಾಡಿದ ಜಾಗದಿಂದ 400 ಕಿಲೋಮೀಟರಿಗೂ ದೂರ ಬಿದ್ದರು. ಅದೇ ಪೆಗ್ಗಿ ವಿಟ್ಸನ್ ಈ ಬರಹದ ಕೊನೆಗೆ ಮತ್ತೆ ಬರುತ್ತಾರೆ.

ಬಾರದೇ ಹೋದವರಲ್ಲಿ ಮೊದಲನೆಯವನು ವ್ಲಾದಿಮಿರ್ ಕೊಮರೋವ್. 1967ರ ಏಪ್ರಿಲ್ 24ರಂದು ಸೋಯುಜ್ 1 ಬೆಂಕಿಯನ್ನೆಲ್ಲ ದಾಟಿ ಬಂದಿತ್ತು. ಮುಖ್ಯ ಪ್ಯಾರಾಚೂಟ್ ಪೆಟ್ಟಿಗೆಯಿಂದ ಹೊರಬರಲಿಲ್ಲ. ಎರಡನೆಯದು ಮೊದಲ ಚಿಕ್ಕ ಪ್ಯಾರಾಚೂಟಿಗೆ ತೊಡರಿಕೊಂಡಿತು. ಆ ಯಾನಕ್ಕೆ ಬದಲಿಯಾಗಿ ಸಿದ್ಧನಾಗಿದ್ದವನು ಗಗಾರಿನ್.

ಆದರೆ ನನ್ನನ್ನು ಇಂದಿಗೂ ನಿದ್ದೆಗೆಡಿಸುವುದು ಸೋಯುಜ್ 11.

1971ರ ಜೂನ್ 6ರಂದು ಗಿಯೋರ್ಗಿ ದೊಬ್ರೊವೋಲ್ಸ್ಕಿ, ವ್ಲಾದಿಸ್ಲಾವ್ ವೋಲ್ಕೋವ್, ವಿಕ್ತೋರ್ ಪತ್ಸಾಯೆವ್ ಹೊರಟರು. ನಿಜಕ್ಕೂ ಹೋಗಬೇಕಿದ್ದವರು ಬೇರೆ ಮೂವರು. ಉಡಾವಣೆಗೆ ಕೆಲವೇ ದಿನಗಳಿದ್ದಾಗ ಅವರಲ್ಲಿ ಒಬ್ಬನಾದ ಕುಬಾಸೋವ್‌ನ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೊಂದು ಕಲೆ ಕಂಡಿತು. ಕ್ಷಯವಿರಬಹುದೆಂದು ಇಡೀ ತಂಡವನ್ನೇ ಬದಲಿಸಿದರು. ಅದು ಕ್ಷಯವಾಗಿರಲಿಲ್ಲ. ಬದಲಿ ಮೂವರು ಸಲ್ಯೂತ್ 1 ಎಂಬ, ಜಗತ್ತಿನ ಮೊದಲ ಬಾಹ್ಯಾಕಾಶ ನಿಲ್ದಾಣದ ಮೊದಲ ನಿವಾಸಿಗಳಾದರು. ಅಲ್ಲಿ ಒಂದು ಪುಟ್ಟ ಕೈತೋಟವಿತ್ತು, ಅಗಸೆ ಸಸಿಗಳಿಗೆ ನೀರುಣಿಸುತ್ತಿದ್ದರು. ಜೂನ್ 19ರಂದು ಪತ್ಸಾಯೆವ್ ಅಲ್ಲೇ ತನ್ನ 38ನೆಯ ಹುಟ್ಟುಹಬ್ಬ ಆಚರಿಸಿಕೊಂಡ. ಸೋವಿಯತ್ ಮನೆಗಳ ಟಿವಿಯಲ್ಲಿ ಈ ಮೂವರು ಕಾಣಿಸಿಕೊಳ್ಳುತ್ತಿದ್ದರು. ಕಕ್ಷೆಯಲ್ಲಿ 23 ದಿನ ಕಳೆದ ಅವರು ಅಲ್ಲಿಯವರೆಗೆ ಯಾರೂ ಮಾಡದ ದಾಖಲೆ ಮಾಡಿದ್ದರು.

ಜೂನ್ 30ರ ಬೆಳಗಿನ ಜಾವ ಕಜಾಕ್‌ಸ್ತಾನದ ಹುಲ್ಲುಗಾವಲಿನಲ್ಲಿ ನೌಕೆ ಇಳಿಯಿತು. ಪ್ಯಾರಾಚೂಟ್ ಸರಿಯಾಗಿ ತೆರೆದುಕೊಂಡಿತ್ತು. ನೆಲ ಮುಟ್ಟುವ ಮುಂಚೆ ಉರಿಯಬೇಕಾದ ಪುಟ್ಟ ರಾಕೆಟ್‌ಗಳು ಉರಿದಿದ್ದವು. ನೌಕೆಯ ಮೈಮೇಲೆ ಏನೂ ಹಾನಿಯಿರಲಿಲ್ಲ. ಹೆಲಿಕಾಪ್ಟರಿನಲ್ಲಿ ಬಂದವರು ಓಡಿಹೋಗಿ ನೌಕೆಯ ಮೈಯನ್ನು ತಟ್ಟಿದರು. ಒಳಗಿನಿಂದ ಉತ್ತರ ಬರಲಿಲ್ಲ. ಬಾಗಿಲು ತೆರೆದಾಗ ಮೂವರೂ ತಮ್ಮ ತಮ್ಮ ಆಸನಗಳಲ್ಲೇ ಇದ್ದರು. ಮೈ ಇನ್ನೂ ಬೆಚ್ಚಗಿತ್ತು. ಹುಲ್ಲಿನ ಮೇಲೆ ಮಲಗಿಸಿ ಎದೆ ಒತ್ತಿ ಉಸಿರು ತುಂಬಲು ಹೆಣಗಿದರು.

ಕಾರಣ ಒಂದು ಪುಟ್ಟ ಕವಾಟ. ನೌಕೆ ನೆಲಕ್ಕೆ ಹತ್ತಿರವಾದಾಗ ತಾನಾಗಿ ತೆರೆದು ಹೊರಗಿನ ಗಾಳಿಯನ್ನು ಒಳಗೆ ಬಿಡಬೇಕಾದ ಕವಾಟ ಅದು. ನೌಕೆಯ ಭಾಗಗಳನ್ನು ಬೇರ್ಪಡಿಸುವ ಸಿಡಿತದ ಬೋಲ್ಟುಗಳು ಒಂದರ ನಂತರ ಒಂದಾಗಿ ಸಿಡಿಯುವ ಬದಲು ಒಟ್ಟಿಗೇ ಸಿಡಿದವು. ಆ ಆಘಾತಕ್ಕೆ ಕವಾಟ 168 ಕಿಲೋಮೀಟರ್ ಎತ್ತರದಲ್ಲೇ ಬಾಯಿಬಿಟ್ಟಿತು. ಎರಡು ನಿಮಿಷದೊಳಗೆ ಒಳಗಿನ ಗಾಳಿಯೆಲ್ಲ ಸೋರಿಹೋಯಿತು. ಕೈಯಿಂದ ತಿರುಗಿಸಿ ಮುಚ್ಚಬಹುದಿತ್ತು, ಆದರೆ ಅದಕ್ಕೆ ಬೇಕಿದ್ದ ಸಮಯ ಅವರಿಗಿದ್ದ ಪ್ರಜ್ಞೆಯ ಸಮಯಕ್ಕಿಂತ ಹೆಚ್ಚು. ಆ ಕವಾಟ ಅರ್ಧ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿತು. ಅರ್ಧ ಮುಚ್ಚಿದ ಆ ಕವಾಟವನ್ನು ನೆನೆಯದೆ ನಾನು ಯಾವ ನೌಕೆಯ ಇಳಿಯುವಿಕೆಯನ್ನೂ ನೋಡಿಲ್ಲ. ಒಂದು ಕೈ ಕತ್ತಲಲ್ಲಿ ತಡಕಾಡಿತ್ತು, ಸರಿಯಾದ ಜಾಗವನ್ನೇ ಹುಡುಕಿತ್ತು, ತಿರುಗಿಸುತ್ತಿತ್ತು.

ಅವರು ಒತ್ತಡದ ಉಡುಪು ತೊಟ್ಟಿರಲಿಲ್ಲ. ಸೋಯುಜ್‌ನೊಳಗೆ ಮೂವರನ್ನು ಕೂರಿಸಬೇಕಾದರೆ ಆ ಉಡುಪುಗಳಿಗೆ ಜಾಗ ಸಾಲದು ಎಂದು ಅದನ್ನು ಕೈಬಿಟ್ಟಿದ್ದರು. ದುರಂತದ ನಂತರ ಸೋಕೋಲ್ ಎಂಬ ಉಡುಪು ಬಂತು. ಮೂವರ ಬದಲು ಇಬ್ಬರೇ ಹೋಗತೊಡಗಿದರು. ನೌಕೆಯನ್ನು ಮತ್ತೆ ವಿನ್ಯಾಸ ಮಾಡಿ ಉಡುಪು ತೊಟ್ಟ ಮೂವರು ಕೂರುವಂತಾಗಲು 1980ರವರೆಗೆ ಕಾಯಬೇಕಾಯಿತು. ಆ ಮೂವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅಮೆರಿಕದ ಗಗನಯಾತ್ರಿ ಟಾಮ್ ಸ್ಟಾಫರ್ಡ್ ಕೂಡ ಇದ್ದರು. ಶೀತಲ ಸಮರದ ಆ ದಿನಗಳಲ್ಲಿ! ಒಂದೇ ತಿಂಗಳ ನಂತರ ಚಂದ್ರನ ಮೇಲಿಳಿದ ಅಪೊಲೊ 15ರವರು ಅಲ್ಲಿ ಬಿಟ್ಟುಬಂದ ಸಣ್ಣ ಫಲಕದಲ್ಲಿ, ಪ್ರಾಣ ಕಳೆದುಕೊಂಡ ತಮ್ಮವರ ಹೆಸರುಗಳ ಜೊತೆಯಲ್ಲೇ ಈ ಮೂವರ ಹೆಸರುಗಳೂ ಇವೆ. ರಾಜಕೀಯ ಹೇಗೇ ಇರಲಿ, ಆ ದಾರಿಯಲ್ಲಿ ಹೋಗಿ ಬರುವವರಿಗೆ ಬಾರದವರು ಯಾರೂ ಪರಕೀಯರಾಗಿರಲಿಲ್ಲ.

1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಹೊರಟಾಗ ನಮ್ಮ ದೇಶ ಕಂಡದ್ದು ಒಬ್ಬ ನಗುಮುಖದ ವಾಯುಪಡೆಯ ಅಧಿಕಾರಿಯನ್ನು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದವರು ಸಿದ್ಧಪಡಿಸಿದ ಹಲ್ವಾ, ಪಲಾವ್ ಅವರ ಜೊತೆ ಸಲ್ಯೂತ್ 7ಕ್ಕೆ ಹೋದವು ಎಂಬುದು ನಮ್ಮವರು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ನಾನು ಆ ಹಳೆಯ ಚಿತ್ರಗಳಲ್ಲಿ ನೋಡುವುದು ಅವರು ತೊಟ್ಟ ಸೋಕೋಲ್ ಉಡುಪನ್ನು. ಅವರ ನೌಕೆಯ ಹೆಸರು ಸೋಯುಜ್ ಟಿ-11. ಹಿಂದಿನ ಹನ್ನೊಂದರಲ್ಲಿ ಇಲ್ಲದ್ದು ಈ ಹನ್ನೊಂದರಲ್ಲಿ ಇತ್ತು. ಏಪ್ರಿಲ್ 11ರಂದು ಅದೇ ಕಜಾಕ್ ಬಯಲಿನಲ್ಲಿ ಅವರು ಇಳಿದರು, ಹೋದ ನೌಕೆಯಲ್ಲಲ್ಲ, ನಿಲ್ದಾಣಕ್ಕೆ ಮೊದಲೇ ಕೂಡಿಕೊಂಡಿದ್ದ ಟಿ-10ರಲ್ಲಿ. ಹಾಗೆ ಬದಲಿಸಿ ಬರುವಾಗ ಪ್ರತಿಯೊಬ್ಬರೂ ತಮ್ಮ ಬೆನ್ನಿನ ಅಚ್ಚಿಗೆ ಹೊಯ್ದು ಮಾಡಿದ ಆಸನದ ಪದರವನ್ನು ಒಂದು ನೌಕೆಯಿಂದ ಇನ್ನೊಂದಕ್ಕೆ ಸಾಗಿಸಿಕೊಳ್ಳುತ್ತಾರೆ. ಇಳಿಯುವ ಹೊಡೆತ ಬೆನ್ನೆಲುಬಿಗೆ ತಾಗಬಾರದಲ್ಲ.

ಮತ್ತೆ ಕೊಲಂಬಿಯಾಕ್ಕೆ ಬರುತ್ತೇನೆ. ಬಾರದಿರಲು ಆಗುವುದಿಲ್ಲ.

2003ರ ಜನವರಿ 16ರಂದು ಅದು ಮೇಲೇರಿದ 82ನೆಯ ಸೆಕೆಂಡಿನ ಹೊತ್ತಿಗೆ ಹೊರಗಿನ ಇಂಧನ ಟ್ಯಾಂಕಿನಿಂದ ಸೂಟ್‌ಕೇಸಿನಷ್ಟು ದೊಡ್ಡ ಫೋಮ್ ತುಂಡೊಂದು ಕಳಚಿ ಎಡರೆಕ್ಕೆಯ ಮುಂದಿನ ಅಂಚಿಗೆ ಬಡಿಯಿತು. ತೂಕ ಒಂದು ಕಿಲೋ ಕೂಡ ಇರಲಿಲ್ಲ. ಮರುದಿನ ವಿಡಿಯೊ ನೋಡಿದ ಎಂಜಿನಿಯರುಗಳಿಗೆ ಕಳವಳವಾಯಿತು. ಸೇನೆಯ ಕ್ಯಾಮೆರಾಗಳಿಂದ ರೆಕ್ಕೆಯ ಚಿತ್ರ ತೆಗೆಸಿ ಎಂದು ಅವರು ಮತ್ತೆ ಮತ್ತೆ ಕೇಳಿಕೊಂಡರು. ಮೇಲಿನವರು ತೆಗೆಸಲಿಲ್ಲ. ಫೋಮ್ ಹಿಂದಿನ ಯಾನಗಳಲ್ಲೂ ಕಳಚಿತ್ತು, ಆದರೂ ನೌಕೆಗಳು ಸುರಕ್ಷಿತವಾಗಿ ಬಂದಿದ್ದವು. ಹಾಗೆ ಬಂದು ಬಂದು, ಅಪಾಯವೇ ಅಭ್ಯಾಸವಾಗಿತ್ತು. ಹೆಚ್ಚು ಅಂದರೆ ಏನು ಮಾಡಬಹುದಿತ್ತು ಎಂದು ಆಗ ಕೇಳಿದವರೂ ಇದ್ದರು. ತನಿಖಾ ಮಂಡಳಿ ಆ ಪ್ರಶ್ನೆಯನ್ನೂ ಎತ್ತಿಕೊಂಡಿತು. ಮುಂದಿನ ಯಾನಕ್ಕೆ ಸಿದ್ಧವಾಗುತ್ತಿದ್ದ ಅಟ್ಲಾಂಟಿಸ್ ನೌಕೆಯನ್ನು ತ್ವರೆಯಿಂದ ಕಳಿಸಿ ಏಳು ಜನರನ್ನು ಕರೆತರುವುದು ಬಹಳ ಕಷ್ಟ, ಆದರೆ ಅಸಾಧ್ಯವಲ್ಲ ಎಂದು ಅದು ಕಂಡುಕೊಂಡಿತು. ಅದಕ್ಕೆ ಮೊದಲು ರೆಕ್ಕೆಯನ್ನು ನೋಡಬೇಕಿತ್ತು. ನೋಡುವುದಕ್ಕೇ ಮನಸ್ಸು ಮಾಡಲಿಲ್ಲ ಎಂಬುದನ್ನು ಇಪ್ಪತ್ತೆರಡು ವರ್ಷ ಕಳೆದರೂ ನನಗೆ ಕ್ಷಮಿಸಲು ಆಗಿಲ್ಲ.

ಹದಿನಾರು ದಿನ ಏಳು ಜನ ಪಾಳಿಯಲ್ಲಿ ಹಗಲು ರಾತ್ರಿ ಪ್ರಯೋಗ ಮಾಡಿದರು. ಫೆಬ್ರುವರಿ 1ರಂದು ರೆಕ್ಕೆಯ ರಂಧ್ರದೊಳಗೆ ಕಾದ ಗಾಳಿ ನುಗ್ಗಿತು. ರನ್‌ವೇಯ ಬಳಿ ಮನೆಯವರು ಕಾಯುತ್ತಿದ್ದರು. ಇಳಿಯಲು ಹದಿನಾರು ನಿಮಿಷ ಉಳಿದಿತ್ತು. ಟೆಕ್ಸಸ್‌ನ ಹೊಲ, ಕಾಡು, ಕೆರೆಗಳ ಮೇಲೆ ಬಿದ್ದ ಚೂರುಗಳನ್ನು ಸಾವಿರಾರು ಜನ ಸಾಲಾಗಿ ನಡೆದು ಹುಡುಕಿದರು. ಹುಡುಕುವಾಗ ಹೆಲಿಕಾಪ್ಟರ್ ಬಿದ್ದು ಇಬ್ಬರು ಪ್ರಾಣ ಕಳೆದುಕೊಂಡರು. ಆ ಚೂರುಗಳ ನಡುವೆ ಸಿಕ್ಕ ಒಂದು ಡಬ್ಬಿಯಲ್ಲಿ, ಪ್ರಯೋಗಕ್ಕೆಂದು ಒಯ್ದಿದ್ದ ಕಣ್ಣಿಗೆ ಕಾಣುವುದೇ ಕಷ್ಟವಾದಷ್ಟು ಚಿಕ್ಕ ಹುಳುಗಳು ವಾರಗಳ ನಂತರವೂ ಜೀವಂತವಾಗಿದ್ದವು. ಅವು ಬಂದವು.

ಅದಾದ ಮೇಲೆ ಹಾರಿದ ಪ್ರತಿ ಷಟಲ್‌ನ ತಳವನ್ನೂ ರೆಕ್ಕೆಯನ್ನೂ ಕಕ್ಷೆಯಲ್ಲೇ ಕ್ಯಾಮೆರಾ ಹಿಡಿದು ಪರೀಕ್ಷಿಸಿದರು. ನಿಲ್ದಾಣದ ಹತ್ತಿರ ಬಂದಾಗ ನೌಕೆ ನಿಧಾನವಾಗಿ ಒಂದು ಪಲ್ಟಿ ಹೊಡೆದು ತನ್ನ ಹೊಟ್ಟೆಯನ್ನು ತೋರಿಸುತ್ತಿತ್ತು, ಒಳಗಿದ್ದವರು ಕಿಟಕಿಯಿಂದ ಚಿತ್ರ ತೆಗೆಯುತ್ತಿದ್ದರು. ಆ ಪಲ್ಟಿಯನ್ನು ಮೊದಲ ಸಲ ನೋಡಿದಾಗ ನಾನು ಕಾಲೇಜಿನಲ್ಲಿದ್ದೆ. ಎಲ್ಲರಿಗೂ ಅದೊಂದು ಸುಂದರ ನೃತ್ಯ. ನನಗೆ ಕಂಡದ್ದು ತಡವಾಗಿ ತೆಗೆದ ಒಂದು ಚಿತ್ರ.

ಕಲಿತ ಪಾಠ ನಿಜಕ್ಕೂ ಉಳಿದಿದೆಯೇ ಎಂಬ ಪ್ರಶ್ನೆಗೆ 2024ರಲ್ಲಿ ಒಂದು ಉತ್ತರ ಸಿಕ್ಕಿತು. ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಜೂನ್ 5ರಂದು ಸುಮಾರು ಒಂದು ವಾರಕ್ಕೆಂದು ಬೋಯಿಂಗ್‌ನ ಹೊಸ ನೌಕೆ ಸ್ಟಾರ್‌ಲೈನರ್‌ನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ದಾರಿಯಲ್ಲಿ ಹೀಲಿಯಂ ಸೋರಿತು, ದಿಕ್ಕು ತಿದ್ದುವ ಪುಟ್ಟ ಎಂಜಿನ್‌ಗಳಲ್ಲಿ ಕೆಲವು ಕೈಕೊಟ್ಟವು. ಎರಡು ತಿಂಗಳ ವಾದ ವಿವಾದದ ನಂತರ ನಾಸಾ ಅವರಿಬ್ಬರನ್ನು ಆ ನೌಕೆಯಲ್ಲಿ ಕರೆತರುವುದಿಲ್ಲ ಎಂದಿತು. ಆ ನಿರ್ಧಾರ ತಿಳಿಸುವಾಗ ಅದರ ಮುಖ್ಯಸ್ಥ ಬಿಲ್ ನೆಲ್ಸನ್, 1986ರಲ್ಲಿ ಏರುವಾಗಲೇ ಒಡೆದುಹೋದ ಚಾಲೆಂಜರ್ ಮತ್ತು ಕೊಲಂಬಿಯಾವನ್ನು ಹೆಸರಿಟ್ಟೇ ನೆನೆದರು. ಸ್ಟಾರ್‌ಲೈನರ್ ಸೆಪ್ಟೆಂಬರ್‌ನಲ್ಲಿ ಖಾಲಿಯಾಗಿ ಬಂದು ನ್ಯೂ ಮೆಕ್ಸಿಕೊದ ಮರಳಿನಲ್ಲಿ ಸುರಕ್ಷಿತವಾಗಿಯೇ ಇಳಿಯಿತು. “ನೋಡಿದಿರಾ, ಸುಮ್ಮನೆ ಹೆದರಿದರು” ಎಂದು ನನ್ನ ಕಚೇರಿಯಲ್ಲೂ ಕೆಲವರು ಅಂದರು. ನಾನು ಒಪ್ಪಲಿಲ್ಲ. ಖಾಲಿ ನೌಕೆ ಸುರಕ್ಷಿತವಾಗಿ ಇಳಿದದ್ದು ನಿರ್ಧಾರವನ್ನು ತಪ್ಪಾಗಿಸುವುದಿಲ್ಲ. ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಎನ್ನುವ ಧೈರ್ಯ 2003ರಲ್ಲಿ ಇದ್ದಿದ್ದರೆ! ಸುನೀತಾ 286 ದಿನಗಳ ನಂತರ, 2025ರ ಮಾರ್ಚ್‌ನಲ್ಲಿ, ನಮ್ಮಲ್ಲಿ ನಸುಕಿನ ಮೂರೂವರೆ ಗಂಟೆಯ ಹೊತ್ತಿಗೆ ಫ್ಲೋರಿಡಾದ ಕಡಲಿಗೆ ಇಳಿದರು. ನೀರಿನಲ್ಲಿ ತೇಲುತ್ತಿದ್ದ ಕ್ಯಾಪ್ಸೂಲಿನ ಸುತ್ತ ಡಾಲ್ಫಿನ್‌ಗಳು ಸುತ್ತುತ್ತಿದ್ದವು. ಒಂಬತ್ತು ತಿಂಗಳು ತಡ. ಅಜ್ಜನೂ ಕೆಲವು ವರ್ಷ ಹಾಗೆ ತಡವಾಗಿ ಬಂದದ್ದುಂಟು, ತಡವಾಯಿತೆಂದು ಅಜ್ಜಿ ಒಮ್ಮೆಯೂ ಬೈದದ್ದು ನನಗೆ ನೆನಪಿಲ್ಲ.

ಭಾರತ ತಾನೇ ಮನುಷ್ಯರನ್ನು ಕಳಿಸುವುದಕ್ಕೂ ಬಹಳ ಮೊದಲೇ ಮರಳಿ ತರುವುದನ್ನು ಕಲಿಯಲು ಹೊರಟಿತು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. 2007ರ ಜನವರಿ 10ರಂದು ಇಸ್ರೊ 550 ಕಿಲೋ ತೂಕದ ಒಂದು ಪುಟ್ಟ ಕ್ಯಾಪ್ಸೂಲನ್ನು ಕಕ್ಷೆಗೆ ಕಳಿಸಿ, ಹನ್ನೆರಡು ದಿನ ಸುತ್ತಿಸಿ, ಬಂಗಾಳ ಕೊಲ್ಲಿಯಲ್ಲಿ ಇಳಿಸಿ ಎತ್ತಿಕೊಂಡಿತು. 2014ರ ಡಿಸೆಂಬರ್‌ನಲ್ಲಿ ಮನುಷ್ಯರು ಕೂರುವಷ್ಟು ದೊಡ್ಡ ಕ್ಯಾಪ್ಸೂಲ್ ಅಂಡಮಾನ್ ಬಳಿಯ ಕಡಲಿಗೆ ಇಳಿಯಿತು. 2023ರ ಅಕ್ಟೋಬರ್ 21ರಂದು, ಏರುವಾಗಲೇ ತೊಂದರೆಯಾದರೆ ಯಾತ್ರಿಗಳನ್ನು ಹೇಗೆ ಹೊರಗೆಳೆಯಬೇಕು ಎಂಬುದರ ಪರೀಕ್ಷೆ. ಪತ್ರಿಕೆಗಳಲ್ಲಿ ಇವಕ್ಕೆ ಸಿಕ್ಕ ಜಾಗ ಚಿಕ್ಕದು. ಆದರೆ ಗಗನಯಾನದ ಬೆನ್ನೆಲುಬು ಇವೇ.

ಇನ್ನೊಂದು ಕಲಿಕೆ ನಡೆದದ್ದು ನಮ್ಮೂರಿನ ಪಕ್ಕದಲ್ಲೇ. ಅಜ್ಜ ಕುರಿ ಮೇಯಿಸುತ್ತಿದ್ದ ಕುದಾಪುರದ ಕಡೆಯ ಕಾವಲಿನ ಒಂದಷ್ಟು ಭಾಗಕ್ಕೆ ಈಗ ಗೋಡೆಯಿದೆ, ಒಳಗೆ ಉದ್ದನೆಯ ರನ್‌ವೇ ಇದೆ. ಆ ಹುಲ್ಲು ಕಳೆದುಕೊಂಡವರ ನೋವು ನನಗೆ ಗೊತ್ತು, ಅದು ನನ್ನ ಮನೆಯದೇ ನೋವು. ಅದರ ಜೊತೆಗೇ ಇದೂ ನಿಜ: 2023ರ ಏಪ್ರಿಲ್ 2ರ ಬೆಳಿಗ್ಗೆ, ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟ ಇಸ್ರೊದ ರೆಕ್ಕೆಯ ನೌಕೆಯೊಂದು, ಎಂಜಿನ್ ಇಲ್ಲದೆ, ಚಾಲಕನಿಲ್ಲದೆ, ತಾನೇ ದಾರಿ ಹಿಡಿದು ಆ ರನ್‌ವೇಯ ಮೇಲೆ ಬಂದಿಳಿಯಿತು. ಮರುವರ್ಷ ಮಾರ್ಚ್ ಮತ್ತು ಜೂನ್‌ನಲ್ಲಿ ಇನ್ನೆರಡು ಸಲ, ಬೇಕೆಂದೇ ದಾರಿ ತಪ್ಪಿಸಿ ಬಿಟ್ಟರೂ ಸರಿದಾರಿಗೆ ಬಂದು ಇಳಿಯಿತು. ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟಿ, ಬಾಲದ ಪ್ಯಾರಾಚೂಟ್ ಬಿಚ್ಚಿ ನಿಂತಿತು. ಅದಕ್ಕಿಟ್ಟ ಹೆಸರು ಪುಷ್ಪಕ್. ಲಂಕೆಯಿಂದ ರಾಮ ಸೀತೆಯರನ್ನು ಅಯೋಧ್ಯೆಗೆ ಕರೆತಂದ ವಿಮಾನವಲ್ಲವೇ ಪುಷ್ಪಕ? ಹೆಸರಿಟ್ಟವರು ಏನು ಯೋಚಿಸಿದ್ದರೋ, ಮನೆಗೆ ಮರಳಿಸುವ ವಾಹನಕ್ಕೆ ಅದಕ್ಕಿಂತ ಒಪ್ಪುವ ಹೆಸರಿಲ್ಲ. ಕಜಾಕ್ ಬಯಲಿನಂತೆಯೇ ನಮ್ಮದೂ ಮರವಿಲ್ಲದ, ಕುರಿಗಳ, ಗಾಳಿಯ ಹುಲ್ಲುನೆಲ. ಅಜ್ಜಿ ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು.

2025ರ ಜೂನ್ 25ರಂದು ನಮ್ಮ ದೇಶದ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರು. ಆಕ್ಸಿಯಂ 4 ಯಾನದ ಕಮಾಂಡರ್ ಪೆಗ್ಗಿ ವಿಟ್ಸನ್, ಹದಿನೇಳು ವರ್ಷದ ಹಿಂದೆ ಕಜಾಕ್ ಬಯಲಿನಲ್ಲಿ ದಾರಿತಪ್ಪಿ ಬಿದ್ದು ಎದ್ದು ಬಂದ ಅದೇ ಹೆಂಗಸು. ಶುಕ್ಲಾ ಅವರ ಗಂಟಿನಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಹೆಸರುಕಾಳು, ಮೆಂತ್ಯ ಇದ್ದವು. ನಿಲ್ದಾಣದಲ್ಲಿ ಮೊಳಕೆ ಬಂದವು. ಸಲ್ಯೂತ್‌ನ ಆ ಅಗಸೆ ಸಸಿಗಳನ್ನು ನೆನೆಯುತ್ತ ನಾನು ಆ ಚಿತ್ರವನ್ನು ಬಹಳ ಹೊತ್ತು ನೋಡಿದೆ.

ಜುಲೈ 15, ಮಂಗಳವಾರ, ಮಧ್ಯಾಹ್ನ. ಕಚೇರಿಗೆ ರಜೆ ಹಾಕಿ ಬೆಂಗಳೂರಿನ ಮನೆಯಲ್ಲಿ ಕೂತಿದ್ದೆ. ಬೆಂಕಿಯ ಹೊದಿಕೆಯೊಳಗೆ ನೌಕೆಯ ಸಂಪರ್ಕ ಕಡಿಯುವ ಆ ಕೆಲವು ನಿಮಿಷಗಳು ಬಂದವು. ಇದು ಸಹಜ, ಪ್ರತಿ ಸಲವೂ ಹೀಗೇ ಎಂದು ಎಷ್ಟು ಸಲ ಹೇಳಿಕೊಂಡರೂ ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಆಮೇಲೆ ದನಿ ಕೇಳಿತು. ಪ್ಯಾರಾಚೂಟ್‌ಗಳು ಒಂದೊಂದಾಗಿ ಅರಳಿದವು. ಮೂರು ಗಂಟೆ ಒಂದು ನಿಮಿಷಕ್ಕೆ ಕ್ಯಾಪ್ಸೂಲ್ ಕ್ಯಾಲಿಫೋರ್ನಿಯಾದ ಕಡಲಿಗೆ ಇಳಿಯಿತು. ದೋಣಿಗಳು ಬಂದವು, ಹಗ್ಗ ಕಟ್ಟಿದರು, ಹಡಗಿನ ಮೇಲಕ್ಕೆ ಎತ್ತಿದರು. ಅಷ್ಟರಲ್ಲಿ ಊರಿನಿಂದ ಅಮ್ಮನ ಫೋನ್.

“ಬಂದನೇ?” ಎಂದಳು.

“ನೀರಿಗಿಳಿದಿದ್ದಾಯಿತು. ಇನ್ನೂ ಬಾಗಿಲು ತೆರೆದಿಲ್ಲ. ಫೋನ್ ಇಡಬೇಡ, ತಾಳು” ಎಂದೆ.

ಅವಳು ಇಡಲಿಲ್ಲ. ಆ ಕಡೆ ಕೋಳಿಯೊಂದು ಕೂಗುತ್ತಿತ್ತು, ಈ ಕಡೆ ಕಂಪ್ಯೂಟರಿನ ಪರದೆಯ ಮೇಲೆ ಕೈಗವಸು ತೊಟ್ಟ ಇಬ್ಬರು ಬಾಗಿಲಿನ ಬಳಿ ಬಗ್ಗಿದ್ದರು.